ಗವಾಕ್ಷಿಯ ಹಗ್ಗ

ನನ್ನ ತಂದೆಯವರು ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ಜಯನಗರದಲ್ಲಿ ಕಟ್ಟಿಸಿದ ಮನೆಗೆ ಜ್ಯೇಷ್ಠ ಮಾಸದಲ್ಲಿ ಬೀಗ ಹಾಕಿ, ಇಂಗ್ಲೆಂಡಿನಲ್ಲಿರುವ ಮಗನ ಸಂಸಾರದೊಡನೆ ಐದು ತಿಂಗಳಿದ್ದು, ಮುಂಗಾರೂ ಹಿಂಗಾರೂ ಬಹುಮಟ್ಟಿಗೆ ಮುಗಿದ ಕಾರ್ತಿಕದ ಒಂದು ಬೆಳಗ್ಗೆ ನಾನೂ ನನ್ನ ಪತ್ನಿಯೂ ಹಿಂತಿರುಗಿ ಬಂದು ಬಾಗಿಲು ತೆರೆದಾಗ, ಒಂದೇ ಸೂರಿನ ಕೆಳಗೆ ಎರಡು ಬೇರೆ ಮನೆಗಳನ್ನು ಕಂಡೆವು. ನಡುಮನೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ದೇವರ ಮನೆಯಲ್ಲಿಯೂ ಧೂಳೊಂದನ್ನುಳಿದು ಬೇರಾವ ದೋಷವೂ ಇರಲಿಲ್ಲ. ಹೊರಡುವ ದಿನ ಮಡಿಸಿಟ್ಟ ಜಮಖಾನೆ ಮಡಿಸಿಟ್ಟ ಹಾಗೆಯೇ ಒಣಗಿ ಗರಿಗರಿಯಾಗಿತ್ತು. ಹಿಂದಿನ ಕೋಣೆಯ ಬಾಗಿಲನ್ನು ನೂಕಿದೊಡನೆಯೇ ಮುಗ್ಗಿದ ವಾಸನೆ ಎದುರುಗೊಂಡಿತು. ಬೀರುವಿನ ಹಿಂಬದಿಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಹರಡಿದ್ದುವು. ತಾಯಿಯವರ ರೇಷ್ಮೆ ಸೀರೆಗಳ ಮಡಿಕೆಗಳಲ್ಲಿ ಬಿಳಿಯ ಬೂಷ್ಟು, ತಂದೆಯವರ ಪುಸ್ತಕಗಳ ರಟ್ಟುಗಳ ಮೇಲೆ ಹಸಿರು ಬೂಷ್ಟು. ಆ ಸೀರೆಗಳಲ್ಲೊಂದು ಆಕೆಯ ಮದುವೆಯದು. ಅದನ್ನು ಬಿಸಿಲಿಗೆ ಹಿಡಿದಾಗ ನನ್ನ ಪತ್ನಿ ಏನೂ ಮಾತಾಡಲಿಲ್ಲ.

ಎರಡು ಕೋಣೆಗಳ ಗಾರೆಯೂ ಒಂದೇ, ಮೇಲೆ ಸುರಿದ ಮಳೆಯೂ ಒಂದೇ, ಮುಚ್ಚಿದ್ದ ಅವಧಿಯೂ ಒಂದೇ ಆಗಿರಲು ಈ ಭೇದ ಹೇಗೆ ಬಂದಿತೆಂದು ಹುಡುಕುವಾಗ ಕಾರಣ ತಲೆಯ ಮೇಲೆಯೇ ಇತ್ತು. ನಡುಮನೆಯ ಕಿಟಕಿಗಳ ಮೇಲೆ, ತಾರಸಿಗೆ ಒಂದು ಗೇಣು ಕೆಳಗೆ, ತಂದೆಯವರು ಇಡಿಸಿದ್ದ ಗವಾಕ್ಷಿಗಳು, ಅಂದರೆ ಬೆಂಗಳೂರಿನ ನಾವೆಲ್ಲರೂ ವೆಂಟಿಲೇಟರ್ ಎಂದೇ ಕರೆಯುವ ಆ ಪುಟ್ಟ ಗಾಜಿನ ಕದಗಳು, ಇನ್ನೂ ಹಾಗೆಯೇ ಇದ್ದುವು. ಹಿಂದಿನ ಕೋಣೆಯದನ್ನು ಇಪ್ಪತ್ತು ವರ್ಷಗಳ ಕೆಳಗೆ ಸೊಳ್ಳೆಯ ಕಾಟಕ್ಕೆ ಬೇಸತ್ತು ನಾನೇ ಇಟ್ಟಿಗೆಯಿಟ್ಟು ಮುಚ್ಚಿಸಿದ್ದೆ. ತಂದೆಯವರು ಆಗ ಬದುಕಿದ್ದರೆ ಒಪ್ಪುತ್ತಿರಲಿಲ್ಲ.

ಆ ಕ್ಷಣದಲ್ಲಿ ನನಗೆ ನೆನಪಾದುದು, ಇಂಗ್ಲೆಂಡಿನಿಂದ ಹೊರಡುವುದಕ್ಕೆ ಒಂದು ವಾರ ಮುಂಚೆ ಮಗನ ನೆರೆಮನೆಯ ವೃದ್ಧರೊಬ್ಬರು ತಮ್ಮ ಕ್ಯಾರವಾನನ್ನು ಚಳಿಗಾಲಕ್ಕೆ ಸಿದ್ಧಪಡಿಸುತ್ತಿದ್ದ ಬಗೆ. ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಹಾಸಿಗೆ ಒಲೆ ಬಚ್ಚಲುಗಳೆಲ್ಲವೂ ಒಳಗೇ ಇರುವ ಗಾಲಿಯ ಮನೆ ಅದು. ಮರುಭೂಮಿಯನ್ನು ದಾಟುವ ವರ್ತಕರ ಸಾರ್ಥಕ್ಕೆ ಪಾರಸೀಕರು ಇಟ್ಟಿದ್ದ ಹೆಸರು ದೇಶಾಂತರ ಹೋಗಿ ಇದಕ್ಕೆ ಬಂದು ನಿಂತಿದೆ. ಬೇಸಗೆಯಲ್ಲಿ ಕಡಲತೀರಕ್ಕೆ ಹೋಗಿಬಂದ ಆ ಗಾಡಿ ಚಳಿಯ ತಿಂಗಳುಗಳನ್ನೆಲ್ಲ ಅಂಗಳದ ಮೂಲೆಯಲ್ಲಿ ನಿಂತೇ ಕಳೆಯಬೇಕು. ನೀರು ಹೆಪ್ಪುಗಟ್ಟಿ ಕೊಳವೆ ಸೀಳದಂತೆ ಅವರು ನೀರನ್ನೆಲ್ಲ ಬಸಿದರು. ಮೆತ್ತೆಗಳನ್ನು ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿದರು. ಕಪಾಟುಗಳ ಕದಗಳನ್ನೂ ತಂಗಳಪೆಟ್ಟಿಗೆಯ ಬಾಗಿಲನ್ನೂ ಓರೆಯಾಗಿ ತೆರೆದಿಟ್ಟರು. ಅಷ್ಟೆಲ್ಲ ಜಾಗರೂಕತೆಯ ಮನುಷ್ಯ ನೆಲದಲ್ಲಿಯೂ ಮಾಡಿನಲ್ಲಿಯೂ ಇದ್ದ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಲಿಲ್ಲ. ಹಿಮ ಬೀಳುವ ದೇಶದಲ್ಲಿ ಕಿಂಡಿಯನ್ನು ತೆರೆದೇ ಬಿಡುವುದೇ ಎಂದು ನಾನು ಕೇಳಿದಾಗ, ಬರಿಯ ಚಳಿಯಿಂದ ಗಾಡಿ ಕೆಡುವುದಿಲ್ಲ, ಒಳಗಿನ ಗಾಳಿ ನಿಂತರೆ ಕೆಡುತ್ತದೆ ಎಂದು ಅವರು ಉತ್ತರವಿತ್ತರು. ನಮ್ಮ ಮನೆಯ ಮಟ್ಟಿಗೆ ಆ ಮಾತಿನ ಸತ್ಯ ನನಗೆ ತಿಳಿಯುವ ಹೊತ್ತಿಗೆ ಸೀರೆ ಕೆಟ್ಟಿತ್ತು.

ನಮ್ಮೂರಿಗೆ ಹಿಮಗಾಲವಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಪುಷ್ಯ ಮಾಘಗಳು ಒಣಹವೆಯ ತಿಂಗಳುಗಳು. ಆಗ ಮುಚ್ಚಿದ ಮನೆ ಕೆಡುವುದಿಲ್ಲ. ಅವರಿಗೆ ಚಳಿಗಾಲ ಹೇಗೋ ನಮಗೆ ಮಳೆಗಾಲ ಹಾಗೆ. ವರ್ಷಕ್ಕೆ ಸರಾಸರಿ 970 ಮಿಲಿಮೀಟರುಗಳ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಭಾಗ ಜೂನಿನಿಂದ ಅಕ್ಟೋಬರಿನ ಕೊನೆಯೊಳಗೆ ಸುರಿದುಹೋಗುತ್ತದೆ, ಅದರಲ್ಲಿಯೂ ಸೆಪ್ಟೆಂಬರಿನ ಪಾಲು ಹೆಚ್ಚು. ಬೆಚ್ಚನೆಯ ಗಾಳಿ ಹೆಚ್ಚು ತೇವವನ್ನು ಹೊರಬಲ್ಲುದು, ತಣ್ಣಗಾದಂತೆ ಆ ಹೊರೆಯನ್ನು ಇಳಿಸಿಬಿಡುವುದು: 25 ಡಿಗ್ರಿ ಶಾಖದಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 23 ಗ್ರಾಂ ನೀರನ್ನು ಹೊತ್ತರೆ, 20 ಡಿಗ್ರಿಗೆ ಇಳಿದಾಗ ಸುಮಾರು 17 ಗ್ರಾಂಗಿಂತ ಹೆಚ್ಚು ಹೊರಲಾರದು. ಹತ್ತಡಿ ಅಗಲ ಹನ್ನೆರಡಡಿ ಉದ್ದ ಹತ್ತಡಿ ಎತ್ತರದ ಕೋಣೆಯೊಂದರಲ್ಲಿ ಇರುವುದು ಸುಮಾರು 34 ಘನಮೀಟರ್ ಗಾಳಿ; ಅದು ತೇವದಿಂದ ತುಂಬಿದ್ದು ಶ್ರಾವಣದ ರಾತ್ರಿ ಐದು ಡಿಗ್ರಿ ತಣಿದರೆ ಒಂದು ಲೋಟದಷ್ಟು ನೀರು ಗೋಡೆಯ ಮೇಲೆ, ಬೀರುವಿನ ಬೆನ್ನ ಮೇಲೆ, ಪುಸ್ತಕದ ರಟ್ಟಿನ ಮೇಲೆ ಕಣ್ಣಿಗೆ ಕಾಣದ ಇಬ್ಬನಿಯಾಗಿ ಕೂಡುತ್ತದೆ. ಹಗಲು ಅದೇ ನೀರು ಮತ್ತೆ ಆವಿಯಾಗಿ, ಹೊರಗೆ ಹೋಗುವ ದಾರಿಯಿಲ್ಲದೆ, ರಾತ್ರಿ ಮತ್ತೆ ಅಲ್ಲಿಯೇ ಇಳಿಯುತ್ತದೆ. ಬೂಷ್ಟಿಗೆ ಬೇಕಾದುದು ಇಷ್ಟೇ.

ಗಾಳಿಯನ್ನು ತಡೆಯಬೇಕಾದ ವಸ್ತುವೂ ಉಂಟು, ಬಿಡಬೇಕಾದ ವಸ್ತುವೂ ಉಂಟು. ಯಾವುದು ಯಾವುದೆಂಬ ವಿವೇಕ ನಮ್ಮ ಹಳ್ಳಿಗರಿಗೆ ಚೆನ್ನಾಗಿದ್ದಿತು. ಬಯಲುಸೀಮೆಯಲ್ಲಿಯೂ ಹಳೆಯ ಮೈಸೂರಿನಲ್ಲಿಯೂ ರಾಗಿಯನ್ನು ಹಗೇವಿಗೆ ಹಾಕುತ್ತಿದ್ದರಷ್ಟೆ. ನೆಲವನ್ನು ಆಳವಾಗಿ ತೋಡಿ, ಒಳಬದಿಗೆ ಹುಲ್ಲು ಹಾಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಧಾನ್ಯವನ್ನು ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗೆ ಗಾಳಿಯಿಲ್ಲದುದೇ ಅದರ ರಕ್ಷೆ. ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಸಾಕಷ್ಟು ಹೊತ್ತು ಬಾಯಿ ತೆರೆದಿಟ್ಟು, ಉರಿಯುವ ದೀಪವೊಂದನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ನಂದದೆ ಉಳಿದರೆ ಮಾತ್ರ ಆಳು ಕೆಳಗಿಳಿಯುವನು. ಒಣಗಿದ್ದನ್ನು ಒಣಗಿದಂತೆಯೇ ಬಂಧಿಸಬಹುದು. ಮರಕ್ಕೆ, ಮಣ್ಣಿನ ಗೋಡೆಗೆ, ಬಟ್ಟೆಗೆ, ಓಲೆಗರಿಗೆ ಈ ನ್ಯಾಯ ಸಲ್ಲದು. ಅವು ಸುತ್ತಲಿನ ತೇವವನ್ನು ಹೀರಿ ಬಿಡುತ್ತಲೇ ಇರತಕ್ಕ ಪದಾರ್ಥಗಳು.

ಕನಕಪುರದ ದಾರಿಯ ಒಂದು ಹಳ್ಳಿಯಲ್ಲಿದ್ದ ನನ್ನ ಅಜ್ಜನವರಿಗೆ ಒಂದು ಕಮಾನು ಗಾಡಿಯಿತ್ತು. ಮದುವೆಗೂ ಜಾತ್ರೆಗೂ ಹೆಂಗಸರು ಮಕ್ಕಳನ್ನು ಕರೆದೊಯ್ಯುತ್ತಿದ್ದ ಆ ಗಾಡಿ ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ವಿಶ್ರಮಿಸುತ್ತಿತ್ತು. ಗಾಲಿಗಳು ಹಸಿನೆಲಕ್ಕೆ ತಾಗದಂತೆ ಕಲ್ಲುಚಪ್ಪಡಿಗಳ ಮೇಲೆ. ಮೂಕಿಗೆ ಕವಲುಗೋಲಿನ ಆಸರೆ. ಒಳಗಿನ ಹುಲ್ಲನ್ನೂ ಚಾಪೆಯನ್ನೂ ತೆಗೆದು ಅಟ್ಟಕ್ಕೆ. ಕಮಾನಿನ ಹಿಂದೂ ಮುಂದೂ ಪರದೆಗಳನ್ನು ಎತ್ತಿ ಕಟ್ಟಿರುತ್ತಿದ್ದರು. ಇಂಗ್ಲೆಂಡಿನ ಆ ವೃದ್ಧರು ಮಾಡಿದುದಕ್ಕೂ ನನ್ನ ಅಜ್ಜ ಮಾಡುತ್ತಿದ್ದುದಕ್ಕೂ ಏನು ವ್ಯತ್ಯಾಸವೆಂದು ಎಷ್ಟು ಯೋಚಿಸಿದರೂ ನನಗೆ ಕಾಣದು. ದೇವರ ತೇರಿಗೂ ಇದೇ ಉಪಚಾರ. ನಮ್ಮ ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹಳೆಯ ಹಳ್ಳಿಗಳ ಗುಡಿಗಳ ಮುಂದೆ ಇಂದಿಗೂ ನೋಡಬಹುದು: ರಥೋತ್ಸವ ಮುಗಿದ ಮೇಲೆ ಬಿದಿರು ಬಟ್ಟೆಗಳ ಮೇಲುಭಾಗವನ್ನು ಬಿಚ್ಚಿ, ಮಿಣಿಯನ್ನು ಸುತ್ತಿ ಒಳಗಿಟ್ಟು, ಗಾಲಿ ಗಡ್ಡೆಗಳನ್ನು ತಗಡಿನ ಕೊಟ್ಟಿಗೆಯೊಳಕ್ಕೆ ತಳ್ಳಿರುತ್ತಾರೆ, ಆ ತಗಡು ಕೆಳಗೆ ನೆಲಮುಟ್ಟುವುದಿಲ್ಲ, ಮೇಲೆ ಮಾಡಿಗೆ ಕೂಡುವುದಿಲ್ಲ. ಅದನ್ನು ಬಡವರ ಕೆಲಸ, ಅರೆಬರೆಯ ಕೆಲಸ ಎಂದು ನಾನು ಎಷ್ಟೋ ಕಾಲ ತಿಳಿದಿದ್ದೆ. ತಿಳಿದೇ ಬಿಟ್ಟ ಸಂದು ಅದು.

ಗವಾಕ್ಷವೆಂಬ ಸಂಸ್ಕೃತಶಬ್ದಕ್ಕೆ ಗೋವಿನ ಕಣ್ಣೆಂದು ಅರ್ಥ. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಿಸಿದ ಚೆನ್ನಕೇಶವನ ಆಲಯಕ್ಕೆ ಮುಂದೆ ಸೇರಿದ ಜಾಲಂದ್ರಗಳ ಎದುರಿಗೆ ನಿಂತವರಿಗೆ, ಬೆಳಕನ್ನೂ ಗಾಳಿಯನ್ನೂ ಸೋಸಿ ಒಳಬಿಡುವ ಕಲ್ಲು ಎಂಥದೆಂಬುದು ತಾನಾಗಿ ತಿಳಿಯುತ್ತದೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬಡವನೂ ತನ್ನ ಅಡುಗೆಮನೆಯ ಮೇಲೆ ಒಂದು ಬೆಳಕಿಂಡಿ ಇಡಿಸಿಕೊಂಡಿದ್ದನು. ಅದರ ಮೂಲಕ ಹೊಗೆ ಮೇಲಕ್ಕೆ ಹೋಗುವುದು, ಬೆಳಕು ಕೆಳಕ್ಕೆ ಬರುವುದು, ಮಳೆ ಬಂದಾಗ ಮಗುವೊಂದು ಮಾಳಿಗೆ ಹತ್ತಿ ಅದರ ಮೇಲೆ ಮುಚ್ಚಳವಿಟ್ಟು ಬರುವುದು. ಹಳೆಯ ಮೈಸೂರಿನ ತೊಟ್ಟಿಮನೆಯಾದರೋ ನಡುವಿನ ತೊಟ್ಟಿಯನ್ನೇ ಇಡಿಯ ಮನೆಯ ಗವಾಕ್ಷಿಯನ್ನಾಗಿ ಮಾಡಿಕೊಂಡಿದೆ. ನಮ್ಮ ದಕ್ಷಿಣ ಬೆಂಗಳೂರಿನಲ್ಲಿಯೇ, ಗವಿಪುರದ ಬಂಡೆಯ ಒಡಲಲ್ಲಿರುವ ಗಂಗಾಧರೇಶ್ವರನಿಗೂ ಒಂದು ಕಿಂಡಿಯುಂಟು. ಮಕರ ಸಂಕ್ರಾಂತಿಯ ಸಂಜೆ ಆ ದಾರಿಯಿಂದ ಬಂದ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಕಾಣಲು ಇಂದಿಗೂ ಜನ ಮುಗಿಬೀಳುತ್ತಾರೆ. ಚಿಕ್ಕಂದಿನಲ್ಲಿ ತಂದೆಯವರ ಹೆಗಲೇರಿ ನಾನೂ ನೋಡಿದ್ದೇನೆ.

ಆದರೆ ಪ್ರತಿ ಕೋಣೆಗೂ ಕಿಟಕಿಯ ಮೇಲೊಂದು ವೆಂಟಿಲೇಟರ್ ಎಂಬ ಪದ್ಧತಿ ಬಸವನಗುಡಿಯಲ್ಲಿಯೂ ಆಮೇಲೆ ಜಯನಗರದಲ್ಲಿಯೂ ಇಷ್ಟು ಗಟ್ಟಿಯಾಗಿ ನೆಲೆಯೂರಿದುದಕ್ಕೆ ಬೇಲೂರಾಗಲಿ ತೊಟ್ಟಿಮನೆಯಾಗಲಿ ಸಾಲದ ಕಾರಣ. ಅದರ ಹಿಂದೆ ಒಂದು ಭಯವಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು ಧಾರವಾಡ ಹುಬ್ಬಳ್ಳಿಗಳ ಕಡೆಯಿಂದ ಇಳಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ವಾಣೀವಿಲಾಸ ಸನ್ನಿಧಾನದ ಮಹಾರಾಣಿಯವರು ರಾಜಪ್ರತಿನಿಧಿಯಾಗಿದ್ದ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲವದು, ವಿ.ಪಿ. ಮಾಧವರಾಯರನ್ನು ಸಂಸ್ಥಾನದ ಪ್ಲೇಗ್ ಕಮಿಷನರನ್ನಾಗಿ ನೇಮಿಸಿದರು. ಚಿಕ್ಕಪೇಟೆ ಬಳೇಪೇಟೆಗಳಲ್ಲಿ ಮನೆಗೆ ಮನೆ ಬೆನ್ನುಕೊಟ್ಟು ನಿಂತಿದ್ದುವು. ಮುಂದೆ ಅಂಗಡಿ, ಹಿಂದೆ ಕತ್ತಲೆಯ ಕೋಣೆ, ಅದರಾಚೆ ಧಾನ್ಯದ ಮೂಟೆ, ಮೂಟೆಯ ಸಂದಿನಲ್ಲಿ ಇಲಿ. 1891ರ ಗಣತಿಯಲ್ಲಿ ನಗರವೂ ದಂಡೂ ಸೇರಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರ ಗಣತಿಯಲ್ಲಿ 1,59,046ಕ್ಕೆ ಇಳಿಯಿತು. ಸತ್ತವರೂ ಊರು ಬಿಟ್ಟು ಓಡಿದವರೂ ಈ ಅಂತರದಲ್ಲಿ ಸೇರಿದ್ದಾರೆ. ಊರಿನ ಮೂಲೆಗಳಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದುವು. ಕೆಲವು ಇಂದಿಗೂ ಪೂಜೆಗೊಳ್ಳುತ್ತಿವೆ.

ಆ ವರ್ಷಗಳ ನಿವಾರಣೋಪಾಯಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಒಂದು. ಇಲಿ ಸತ್ತುಬಿದ್ದ ಮನೆಯವರನ್ನು ಊರ ಹೊರಗಿನ ಬಯಲಿಗೆ ಕಳುಹಿಸುತ್ತಿದ್ದರು. ಅಲ್ಲಿ ಸೋಗೆಯ ಗುಡಿಸಿಲುಗಳನ್ನು ಹಾಕಿಕೊಂಡು ಅವರು ತಿಂಗಳುಗಟ್ಟಲೆ ಇರಬೇಕಾಗಿತ್ತು. ಹಿಂದೆ ಉಳಿದ ಬರಿದಾದ ಮನೆಗೆ ಸುಣ್ಣ ಹೊಡೆದು, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಮಾಡಿನ ಹೆಂಚುಗಳನ್ನು ಇಳಿಸಿ ಒಳಗಿನ ನೆಲದ ಮೇಲೆ ನೇರವಾಗಿ ಬಿಸಿಲು ಬೀಳುವಂತೆ ಮಾಡುತ್ತಿದ್ದರು. ತಲೆಮಾರುಗಳಿಂದ ಸೂರ್ಯನನ್ನು ಕಾಣದ ಕೋಣೆಗಳು ಆಕಾಶಕ್ಕೆ ತೆರೆದುಕೊಂಡವು. ಮನೆಯ ಯಜಮಾನನಿಗೆ ಇದು ಎಂತಹ ಸಂಕಟವಾಗಿದ್ದಿರಬೇಕು! ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ಕ್ರಮಗಳಿಗೆ ವಿರೋಧವಾಗಿ ಜನ ದಂಗೆಯೆದ್ದುದು ಸುಮ್ಮನೆ ಅಲ್ಲ. ತಮ್ಮ ಮನೆಯ ಮಾಡನ್ನು ಪರರು ಬಿಚ್ಚುವುದನ್ನು ಹೊಲದಲ್ಲಿ ನಿಂತು ನೋಡಿದವರ ದುಃಖವನ್ನು ಅಜ್ಞಾನವೆಂದು ಕರೆಯಲು ನಾನು ಸಿದ್ಧನಿಲ್ಲ.

ರೋಗದ ಕ್ರಿಮಿಯನ್ನು ಯೆರ್ಸಿನ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ 1894ರಲ್ಲಿಯೇ ಕಂಡುಹಿಡಿದಿದ್ದನು. ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ಬರುವುದೆಂದು ಸಿಮೋನ್ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ತೋರಿಸಿದ್ದು, ಬೆಂಗಳೂರಿಗೆ ಪ್ಲೇಗು ಬಂದ ಅದೇ 1898ರಲ್ಲಿ. ಬಹುಕಾಲ ಅದನ್ನು ಯಾರೂ ನಂಬಲಿಲ್ಲ. ಆದುದರಿಂದ ಆಗಿನ ಅಧಿಕಾರಿಗಳ ಎಣಿಕೆಯಲ್ಲಿ ಶತ್ರುವೆಂದರೆ ಕತ್ತಲೆ, ತೇವ, ನಿಂತ ಗಾಳಿ. ಎಣಿಕೆ ಪೂರ್ಣವಾಗಿ ಸರಿಯಲ್ಲ. ಆದರೂ ಬೆಳಕು ಬಿದ್ದ, ಗಾಳಿಯಾಡುವ ಮನೆಯಲ್ಲಿ ಇಲಿಗೆ ಅಡಗುತಾಣ ಕಡಮೆಯಾಯಿತು. ಕ್ಷಯಕ್ಕೂ ಕೆಮ್ಮಿಗೂ ಅದೇ ಮದ್ದಾಯಿತು. ಬೂಷ್ಟಿನ ಮಾತಂತೂ ಹೇಳಬೇಕಾದುದೇ ಇಲ್ಲ. ಕಾರಣವನ್ನು ತಪ್ಪಾಗಿ ತಿಳಿದು ಕೊಟ್ಟ ಔಷಧಿ ಹೀಗೆ ಬೇರೆ ಹತ್ತು ರೋಗಗಳಿಗೆ ಫಲಿಸಿದ ಕಥೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಹೊಸದಲ್ಲ.

ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆದೊಯ್ಯಬೇಕೆಂಬ ಆಲೋಚನೆ ಪ್ಲೇಗಿಗೆ ಮೊದಲೇ ಇದ್ದಿತು. ಪ್ಲೇಗು ಅದನ್ನು ತಡಮಾಡಲು ಬಿಡಲಿಲ್ಲ. ಉತ್ತರಕ್ಕೆ 291 ಎಕರೆಗಳ ಮಲ್ಲೇಶ್ವರ, ದಕ್ಷಿಣಕ್ಕೆ ದೊಡ್ಡ ಬಸವಣ್ಣನ ಗುಡಿಯ ಸುತ್ತ ಸುಂಕೇನಹಳ್ಳಿಯ ಕಡೆ 440 ಎಕರೆಗಳ ಬಸವನಗುಡಿ. ನೇರವಾದ ಬೀದಿಗಳು, ಎರಡು ಸಾಲು ಮನೆಗಳ ಬೆನ್ನ ನಡುವೆ ಕನ್ಸರ್ವೆನ್ಸಿ ಎಂದು ಇಂದಿಗೂ ಕರೆಯುವ ಓಣಿ, ಮನೆಗೂ ಮನೆಗೂ ನಡುವೆ ಬಿಡಲೇಬೇಕಾದ ಜಾಗ. ದಂಡಿನ ಪ್ರದೇಶದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎದ್ದ ಫ್ರೇಜರ್ ಟೌನಿನ ಮನೆಗಳನ್ನು ಪ್ಲೇಗು ಹೊಗದ ಮನೆಗಳೆಂದೇ ಯೋಜಿಸಿದರು. ಎತ್ತರದ ಗೋಡೆಯ ತುದಿಯ ಗವಾಕ್ಷಿಯೂ ದಂಡಿನ ಬಂಗಲೆಗಳಿಂದಲೇ ನಮ್ಮ ಕಡೆಗೆ ಇಳಿದು ಬಂದದ್ದು. ಹಿಂದೂಸ್ಥಾನದ ಸೈನ್ಯದ ಆರೋಗ್ಯವನ್ನು ವಿಚಾರಿಸಿ 1863ರಲ್ಲಿ ಹೊರಬಿದ್ದ ವರದಿಯೂ, ಅದಕ್ಕಾಗಿ ದುಡಿದ ಫ್ಲಾರೆನ್ಸ್ ನೈಟಿಂಗೇಲಳ ಹಟವೂ ಬ್ಯಾರಕ್ಕುಗಳಿಗೆ ಗಾಳಿಯನ್ನು ತಂದುವು.

ಬಸವನಗುಡಿಯ ಗೃಹಸ್ಥನು ಆ ಗವಾಕ್ಷಿಯನ್ನು ತೆಗೆದುಕೊಂಡು ತನ್ನದನ್ನಾಗಿ ಮಾಡಿಕೊಂಡನು. 12 ಅಡಿ, 14 ಅಡಿ ಎತ್ತರದ ನಡುಮನೆ. ಮೇಲೆ ತೇಗದ ತೊಲೆಗಳ ನಡುವೆ ಇಟ್ಟಿಗೆಯನ್ನು ಅಡ್ಡಡ್ಡಲಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮದ್ರಾಸ್ ತಾರಸಿ, ಇಲ್ಲವೇ 1865ರಿಂದ ಬಾಸೆಲ್ ಮಿಷನ್ನಿನವರು ಮಾಡತೊಡಗಿದ ಮಂಗಳೂರು ಹೆಂಚು. ಬಿಸಿಲ ಕಡೆಯ ಕಿಟಕಿಗೆ ಮಂಕಿ ಟಾಪ್ ಎಂಬ ಮರದ ಪಟ್ಟಿಗಳ ಮುಂದಲೆ. ಬೆಚ್ಚನೆಯ ಗಾಳಿ ಹಗುರಾಗಿ ಮೇಲೇರಿ ಗವಾಕ್ಷಿಯಿಂದ ಹೊರಬೀಳುವಾಗ ಕೆಳಗಿನ ಕಿಟಕಿಯಿಂದ ತಂಪಾದುದು ತಾನಾಗಿ ಒಳಬರುತ್ತದೆ. ನಡುವಿನ ಅಚ್ಚಿನ ಮೇಲೆ ತಿರುಗುವ ಗಾಜಿನ ಕದ, ಅದರ ಎರಡು ತುದಿಗಳಿಗೆ ಕಟ್ಟಿ ಇಳಿಬಿಟ್ಟ ಹಗ್ಗ, ಗೋಡೆಯಲ್ಲಿ ಅದನ್ನು ಸುತ್ತಿಡುವ ಮೊಳೆ. ಊರಿಗೆ ಹೋಗುವಾಗ ಹೆಂಗಸರು ಕಿಟಕಿಗಳ ಚಿಲಕ ಹಾಕುತ್ತಿದ್ದರು. ಗವಾಕ್ಷಿಯ ಹಗ್ಗವನ್ನು ಅರ್ಧ ಎಳೆದು ಮೊಳೆಗೆ ಸುತ್ತುತ್ತಿದ್ದರು. ಅಷ್ಟು ಎತ್ತರದ ಕಿಂಡಿಯಿಂದ ಕಳ್ಳ ಬರಲಾರನು, ಹೊರಗೆ ಸಜ್ಜೆಯಿರುವುದರಿಂದ ಎರಚಲು ಬರಲಾರದು. ನಮ್ಮ ತಾಯಿಯವರು ಮನೆ ಬಿಡುವಾಗ ದೇವರಿಗೆ ಕೈಮುಗಿದು, ಗ್ಯಾಸನ್ನು ನೋಡಿ, ಕೊನೆಗೆ ಕತ್ತೆತ್ತಿ ಎಲ್ಲ ಕೋಣೆಗಳ ಗವಾಕ್ಷಿಗಳನ್ನೂ ಒಮ್ಮೆ ನೋಡಿಕೊಂಡೇ ಹೊಸ್ತಿಲು ದಾಟುತ್ತಿದ್ದರು.

ಉಷ್ಣದೇಶದ ಮನೆಗೆ ಗಾಳಿಯನ್ನು ಹೇಗೆ ತರಬೇಕೆಂಬುದನ್ನು ಶಾಸ್ತ್ರವಾಗಿ ಬೆಳೆಸಿದವರೊಬ್ಬರು ನಮ್ಮೂರಿನಲ್ಲಿಯೇ ಕೆಲಸಮಾಡಿದರೆಂಬುದನ್ನು ಬಹುಮಂದಿ ಅರಿಯರು. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿ, ಯೆಹೂದ್ಯ ಮೂಲದವರೆಂಬ ಕಾರಣಕ್ಕೆ ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದ ಆಟೊ ಕೋನಿಗ್ಸ್‌ಬರ್ಗರ್ ಅವರು 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಮಂದಿರದ ಕೆಲವು ಕಟ್ಟಡಗಳೂ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರ ಕೈಯವು. ಮುಂದೆ ಲಂಡನ್ನಿನಲ್ಲಿ ಅವರು ಇತರರೊಡಗೂಡಿ ಬರೆದು ಎಪ್ಪತ್ತರ ದಶಕದಲ್ಲಿ ಪ್ರಕಟಿಸಿದ, ಉಷ್ಣವಲಯದ ಗೃಹನಿರ್ಮಾಣವನ್ನು ಕುರಿತ ಕೈಪಿಡಿ ಹಲವು ದೇಶಗಳ ವಿದ್ಯಾರ್ಥಿಗಳಿಗೆ ಪಾಠಗ್ರಂಥವಾಯಿತು. ಬೆಂಗಳೂರಿನ ಜಗಲಿ, ಸಜ್ಜೆ, ಗವಾಕ್ಷಿಗಳು ಆ ವಿದ್ವಾಂಸನ ಕಣ್ಣಿಗೆ ದಿನವೂ ಬೀಳುತ್ತಿದ್ದುವೆಂದು ನೆನೆಯುವುದೇ ನನಗೊಂದು ಸಂತೋಷ.

ಜಯನಗರ ಹುಟ್ಟಿದ್ದು ಈ ಪರಂಪರೆಯ ಕೊನೆಯ ಸುಖದ ದಿನಗಳಲ್ಲಿ. ನಗರಾಭಿವೃದ್ಧಿಗಾಗಿ 1945ರಲ್ಲಿ ಸ್ಥಾಪಿತವಾದ ಸಿ.ಐ.ಟಿ.ಬಿ. ಎಂಬ ಮಂಡಲಿ ಜಯಚಾಮರಾಜ ಒಡೆಯರ ಹೆಸರಿನಲ್ಲಿ ಈ ಬಡಾವಣೆಯನ್ನು ಯೋಜಿಸಿತು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರು ಅಶೋಕ ಸ್ತಂಭದ ಬಳಿ ಇದನ್ನು ಆರಂಭಿಸಿಕೊಟ್ಟರು. ಸಿದ್ದಾಪುರ, ಬೈರಸಂದ್ರ, ಯಡಿಯೂರುಗಳ ಹೊಲ ತೋಟಗಳ ನಡುವೆ ನಿವೇಶನಗಳನ್ನು ಅಳೆದರು. ತಂದೆಯವರಿಗೆ ಸಿಕ್ಕಿದುದು 40 ಅಡಿಗೆ 60 ಅಡಿ. ಸುಣ್ಣದ ಗಾರೆಯ ಸ್ಥಾನಕ್ಕೆ ಸಿಮೆಂಟು, ತೇಗದ ತೊಲೆಯ ಸ್ಥಾನಕ್ಕೆ ಕಾಂಕ್ರೀಟು ಬಂದರೂ, ಸುತ್ತ ಬಿಟ್ಟ ಜಾಗವೂ ಕೆಂಪು ನೆಲವೂ ಕಿಟಕಿಯ ಮೇಲಿನ ವೆಂಟಿಲೇಟರೂ ಬಸವನಗುಡಿಯಿಂದ ಹಾಗೆಯೇ ಬಂದುವು. ಮೆಟ್ಟಿಲಸಾಲಿನ ಪಕ್ಕಕ್ಕೆ ಸಿಮೆಂಟಿನ ಜಾಲಿ ಹೊಸದಾಗಿ ಸೇರಿತು. ಪ್ಲೇಗನ್ನು ಕಣ್ಣಾರೆ ಕಂಡ ತಮ್ಮ ತಂದೆಯಿಂದ ಅದರ ಕಥೆಯನ್ನು ಕೇಳಿದ್ದ ನನ್ನ ತಂದೆಯವರು ಮೇಸ್ತ್ರಿಯೊಡನೆ ಬೇರೆ ಯಾವುದಕ್ಕೂ ವಾದಿಸಲಿಲ್ಲವಂತೆ, ಗವಾಕ್ಷಿಯ ವಿಷಯದಲ್ಲಿ ಮಾತ್ರ ಒಂದನ್ನೂ ಬಿಡಗೊಡಲಿಲ್ಲವಂತೆ.

ಗವಾಕ್ಷಿಯೊಂದೇ ಅಲ್ಲ, ಮಳೆಗಾಲವನ್ನು ದಾಟಿಸುವ ಬೇರೆ ಆಚಾರಗಳೂ ಇದ್ದುವು. ಪುಸ್ತಕಗಳ ನಡುವೆ ಬಜೆ, ಸೀರೆಗಳ ನಡುವೆ ಲಾವಂಚದ ಬೇರು, ಅಕ್ಕಿಯಲ್ಲಿ ಬೇವಿನ ಎಲೆ; ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಂತಹ ಸ್ಥಳಗಳಲ್ಲಿ ಓಲೆಗರಿಗಳಿಗೆ ಮಜ್ಜಿಗೆಹುಲ್ಲಿನ ಜಾತಿಯ ಎಣ್ಣೆಯ ಲೇಪನ. ನವರಾತ್ರಿಗೆ ಮುಂಚೆ ಪೆಟ್ಟಿಗೆಗಳನ್ನು ಬಿಚ್ಚಿ ಎಲ್ಲವನ್ನೂ ಬಿಸಿಲಿಗೆ ಹಾಕಿ, ಗೋಡೆಗಳಿಗೆ ಸುಣ್ಣ ಬಳಿಸುತ್ತಿದ್ದರು. ಸುಣ್ಣದ ಕ್ಷಾರ ಬೂಷ್ಟನ್ನು ಕೊಲ್ಲುತ್ತದೆ. ಮಾತ್ರವಲ್ಲ, ಸುಣ್ಣ ಬಳಿದ ಗೋಡೆ ಹೀರಿದ ತೇವವನ್ನು ಒಣಹವೆಯಲ್ಲಿ ಹಿಂದಕ್ಕೆ ಬಿಟ್ಟುಕೊಡುತ್ತದೆ. ಈಗಿನ ತೊಳೆಯಬಹುದಾದ ಪ್ಲಾಸ್ಟಿಕ್ ಬಣ್ಣಗಳು ಗೋಡೆಗೆ ಹೊದಿಸಿದ ಚರ್ಮದಂತೆ. ಒಳಗೆ ಸೇರಿದ ನೀರು ಹೊರಬರಲಾರದೆ ಬೊಕ್ಕೆಯೇಳಿಸುತ್ತದೆ.

ಈ ನೂರು ವರ್ಷಗಳ ಅಭ್ಯಾಸ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಅಳಿಯಿತು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳನ್ನು ಕೂಡಿಸಿ ಬಿ.ಟಿ.ಎಂ. ಎಂದು ಹೆಸರಿಟ್ಟ ಬಡಾವಣೆಯಲ್ಲಿ ಇಂದು ನಡೆದುಹೋದರೆ, 30ಕ್ಕೆ 40ರ ನಿವೇಶನದಲ್ಲಿ ಅಂಚಿನಿಂದ ಅಂಚಿಗೆ ಎದ್ದ ನಾಲ್ಕಂತಸ್ತಿನ ಕಟ್ಟಡಗಳ ಕಿಟಕಿಗಳಿಂದ ಕೈಚಾಚಿದರೆ ಪಕ್ಕದ ಗೋಡೆ ಸಿಕ್ಕುತ್ತದೆ. ದೂರದ ಊರುಗಳಿಂದ ದುಡಿಯಲು ಬಂದ ಮಕ್ಕಳು ಬಾಡಿಗೆ ಕೊಟ್ಟು ಇರುವ ಆ ಕೋಣೆಗಳಲ್ಲಿ ಒಗೆದ ಬಟ್ಟೆ ಒಳಗೇ ಒಣಗಬೇಕು, ಅದರ ತೇವ ಒಳಗೇ ಇರಬೇಕು. ಜೆ.ಪಿ. ನಗರ, ಬನಶಂಕರಿಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಕಟ್ಟುವ ಹೊಸ ವಸತಿಸಮುಚ್ಚಯಗಳಲ್ಲಿ ಜಾರುವ ಅಲ್ಯೂಮಿನಿಯಂ ಕಿಟಕಿಗಳು ಇರುವೆಯೂ ನುಸುಳದಂತೆ ಮುಚ್ಚುತ್ತವೆ. ಕಿಟಕಿಯ ಮೇಲೆ ಈಗ ಗೋಡೆಯೇ. ಪೇಟೆಯ ಆ ಕತ್ತಲೆ ಕೋಣೆಗಳಿಂದ 1898ರಲ್ಲಿ ಓಡಿ ಬಂದ ಜನರ ಮೊಮ್ಮಕ್ಕಳು ನಾವು, ಅಂಥವೇ ಕೋಣೆಗಳನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಿರುವುದನ್ನು ಕಂಡರೆ ನನಗೆ ದುಃಖವಾಗುತ್ತದೆ. ನಮ್ಮ ಬೀದಿಯಲ್ಲಿಯೇ ಮಕ್ಕಳು ಅಮೆರಿಕದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಇದ್ದು ವರ್ಷಕ್ಕೆ ಆರು ತಿಂಗಳು ಬೀಗ ಬೀಳುವ ಮನೆಗಳು ಎಷ್ಟೋ ಉಂಟು. ಹಿಂದೆಂದಿಗಿಂತ ಹೆಚ್ಚು ಮನೆಗಳನ್ನು ಹಿಂದೆಂದಿಗಿಂತ ದೀರ್ಘಕಾಲ ಮುಚ್ಚಿಡುವ ಕಾಲದಲ್ಲಿಯೇ ನಾವು ಗವಾಕ್ಷಿಯನ್ನು ಕೈಬಿಟ್ಟೆವು.

ಮಾರ್ಗಶಿರದ ಮೊದಲ ವಾರದಲ್ಲಿ ಮೇಸ್ತ್ರಿಯನ್ನು ಕರೆಸಿ ಹಿಂದಿನ ಕೋಣೆಯ ಇಟ್ಟಿಗೆಗಳನ್ನು ತೆಗೆಸಲು ಹೇಳಿದೆ. ಹೊಸ ಚೌಕಟ್ಟಿಗೆ ಅಳತೆ ಕೊಡಬೇಕೆಂದು ನಾನು ಕೆಳಗೆ ಕಾಗದ ಹಿಡಿದು ನಿಂತಿದ್ದಾಗ, ಏಣಿಯ ಮೇಲಿನಿಂದ ಆತ, "ಸಾರ್, ಚೌಕಟ್ಟು ಬೇಕಾಗಿಲ್ಲ, ಹಳೇದು ಒಳಗೇ ಇದೆ" ಎಂದ. ಇಪ್ಪತ್ತು ವರ್ಷಗಳ ಹಿಂದೆ ಮುಚ್ಚಿದವನು ಮರವನ್ನು ಕೀಳುವ ಶ್ರಮ ಪಡದೆ ಅದರ ಹೊರಗೂ ಒಳಗೂ ಇಟ್ಟಿಗೆಯನ್ನಿಟ್ಟು ಗಾರೆ ಬಳಿದಿದ್ದ. ಗಾಜು ಒಡೆದಿತ್ತು, ಕೆಳಗಿನ ಪಟ್ಟಿಯ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಅಚ್ಚು ತುಕ್ಕು ಹಿಡಿದಿದ್ದರೂ ಎಣ್ಣೆ ಬಿಟ್ಟು ಅಲುಗಿಸಿದಾಗ ತಿರುಗಿತು. ಮೇಸ್ತ್ರಿ ಗೋಡೆಯ ಬಣ್ಣವನ್ನು ಕೆರೆದು ಹಗ್ಗ ಸುತ್ತುವ ಮೊಳೆ ಎಲ್ಲಿತ್ತೆಂದು ಹುಡುಕಿದ. ನನ್ನ ಪತ್ನಿ ಅಡುಗೆಮನೆಯಿಂದ ಬಂದು, ತಾಯಿಯವರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಕೈ ಎಷ್ಟು ಎತ್ತರಕ್ಕೆ ನಿಲುಕುವುದೋ ಅಲ್ಲಿ ಬೆರಳಿಟ್ಟು ತೋರಿಸಿದಳು. ಮೊಳೆ ಅಲ್ಲಿಯೇ, ಬಣ್ಣದ ಕೆಳಗೆ, ಸಿಕ್ಕಿತು.